ಕೋಣೆಯ ನೆಲದ ವಿಸ್ತೀರ್ಣ: ಅಳೆಯಬೇಕಾದದ್ದು ಎಲ್ಲಿಂದ ಎಲ್ಲಿಗೆ?

ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಪಾಠ. ಹೀಗಿದ್ದೂ ಒಂದೇ ಕೋಣೆಯನ್ನು ಮನೆಯ ಯಜಮಾನರು, ಟೈಲ್ಸ್ ಹಾಕುವ ಮೇಸ್ತ್ರಿ ಮತ್ತು ನಕ್ಷೆ ಬರೆದ ಎಂಜಿನಿಯರ್ ಮೂವರೂ ಲೆಕ್ಕ ಹಾಕಿದಾಗ ಮೂರು ಬೇರೆ ಬೇರೆ ಉತ್ತರಗಳು ಬರುವುದು ಅಪರೂಪವೇನಲ್ಲ. ಹೆಚ್ಚಿನ ಸಲ ಮೂವರ ಗುಣಾಕಾರವೂ ಸರಿಯಾಗಿಯೇ ಇರುತ್ತದೆ. ವ್ಯತ್ಯಾಸ ಹುಟ್ಟುವುದು ಅದಕ್ಕಿಂತ ಮೊದಲು: ಟೇಪಿನ ತುದಿಯನ್ನು ಎಲ್ಲಿ ಇಟ್ಟರು, ಅಡಿ ಮತ್ತು ಇಂಚುಗಳನ್ನು ಹೇಗೆ ಬರೆದುಕೊಂಡರು, ಮೂಲೆಗಳು ನೇರವಾಗಿವೆ ಎಂದು ನಂಬಿಕೊಂಡರೋ ಪರೀಕ್ಷಿಸಿ ನೋಡಿದರೋ, ಕಂಬ, ಕಪಾಟು, ಹೊಸ್ತಿಲುಗಳನ್ನು ಸೇರಿಸಿದರೋ ಬಿಟ್ಟರೋ ಎಂಬ ಸಣ್ಣ ಸಣ್ಣ ತೀರ್ಮಾನಗಳಲ್ಲಿ. ಈ ತೀರ್ಮಾನಗಳೆಲ್ಲ ಅಳತೆಯನ್ನು ಯಾವ ಉದ್ದೇಶಕ್ಕೆ ಮಾಡುತ್ತಿದ್ದೇವೆ ಎಂಬುದನ್ನು ಅವಲಂಬಿಸಿವೆ. ಆದ್ದರಿಂದ ಟೇಪು ಬಿಚ್ಚುವ ಮೊದಲೇ ಉದ್ದೇಶವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಟೈಲ್ಸ್ ಕೊಳ್ಳಲು ಬೇಕಾದ ಸಂಖ್ಯೆ ಬೇರೆ, ಫ್ಲ್ಯಾಟಿನ ಒಪ್ಪಂದದಲ್ಲಿ ಬರೆದ ಸಂಖ್ಯೆ ಬೇರೆ.

ಲೆಕ್ಕಕ್ಕೆ ಒಂದು ಸಾಧಾರಣ ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಉದ್ದ 12 ಅಡಿ 6 ಇಂಚು, ಅಗಲ 10 ಅಡಿ 9 ಇಂಚು. ನಮ್ಮಲ್ಲಿ ಬಹಳ ಮಂದಿ ಇದನ್ನು ಚೀಟಿಯಲ್ಲಿ 12.6 ಮತ್ತು 10.9 ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಂಡವರಿಗೆ ಅರ್ಥವಾಗುವವರೆಗೆ ಅದರಿಂದ ತೊಂದರೆಯಿಲ್ಲ, ಆದರೆ ಅದೇ ಸಂಖ್ಯೆಗಳನ್ನು ಕ್ಯಾಲ್ಕುಲೇಟರಿಗೆ ಒತ್ತಿದರೆ 137.34 ಎಂಬ ಉತ್ತರ ಬರುತ್ತದೆ, ಅದು ತಪ್ಪು. ಒಂದು ಅಡಿಗೆ ಹನ್ನೆರಡು ಇಂಚುಗಳೇ ಹೊರತು ಹತ್ತಲ್ಲವಾದ್ದರಿಂದ 6 ಇಂಚು ಎಂದರೆ 0.5 ಅಡಿ, 9 ಇಂಚು ಎಂದರೆ 0.75 ಅಡಿ. ಸರಿಯಾದ ಲೆಕ್ಕ 12.5 × 10.75, ಅಂದರೆ 134.375 ಚದರ ಅಡಿ. ವ್ಯತ್ಯಾಸ ಹೆಚ್ಚುಕಡಿಮೆ ಮೂರು ಚದರ ಅಡಿ. ಇದಕ್ಕಿಂತ ಅಪಾಯಕಾರಿಯಾದದ್ದು 11 ಅಡಿ 10 ಇಂಚನ್ನು 11.10 ಎಂದು ಬರೆಯುವುದು. ಕ್ಯಾಲ್ಕುಲೇಟರ್ ಅದನ್ನು 11.1 ಎಂದೇ ಓದುತ್ತದೆ, ಅದು 11 ಅಡಿ 1 ಇಂಚಿಗಿಂತ ತುಸು ಹೆಚ್ಚು ಅಷ್ಟೆ. ನಿಜವಾದ ಬೆಲೆ 11.83. ಇಲ್ಲಿ ಉದ್ದದಲ್ಲೇ ಒಂಬತ್ತು ಇಂಚಿನಷ್ಟು ಮಾಯವಾಗುತ್ತದೆ.

ದಶಮಾಂಶದ ಗೊಡವೆಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಎರಡೂ ಅಳತೆಗಳನ್ನು ಪೂರ್ತಿಯಾಗಿ ಇಂಚಿಗೆ ಇಳಿಸಿ ಗುಣಿಸಿ, ಬಂದದ್ದನ್ನು 144ರಿಂದ ಭಾಗಿಸಬೇಕು. ಒಂದು ಚದರ ಅಡಿಯಲ್ಲಿ 12 × 12, ಅಂದರೆ 144 ಚದರ ಇಂಚುಗಳಿವೆ. ನಮ್ಮ ಕೋಣೆ 150 ಇಂಚು ಉದ್ದ, 129 ಇಂಚು ಅಗಲ, ಗುಣಲಬ್ಧ 19,350, ಅದನ್ನು 144ರಿಂದ ಭಾಗಿಸಿದರೆ ಅದೇ 134.375. ಈ ವಿಧಾನದಲ್ಲಿ ತಪ್ಪಿಗೆ ಎಡೆ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ, ವಿಶೇಷವಾಗಿ ಇಂಚುಗಳು 5, 7, 11 ಎಂದು ಬಂದಾಗ. ಯಾವ ದಾರಿ ಹಿಡಿದರೂ ಪೂರ್ಣಾಂಕಕ್ಕೆ ಸರಿಹೊಂದಿಸುವ ಕೆಲಸವನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು. ಉದ್ದವನ್ನೂ ಅಗಲವನ್ನೂ ಮೊದಲೇ ‘ಸುಮಾರಾಗಿ’ ಮಾಡಿಕೊಂಡು ಗುಣಿಸಿದರೆ ಎರಡೂ ಸುಮಾರುಗಳು ಸೇರಿ ಬೆಳೆಯುತ್ತವೆ.

ಚದರ ಮೀಟರಿನಲ್ಲಿ ಬೇಕಾದರೆ ಮೊದಲೇ ಮೀಟರಿನಲ್ಲಿ ಅಳೆದುಕೊಳ್ಳುವುದು ಸುಲಭ. ಈಗಿನ ಟೇಪುಗಳಲ್ಲಿ ಸಾಮಾನ್ಯವಾಗಿ ಎರಡೂ ಗುರುತುಗಳಿರುತ್ತವೆ. ಪರಿವರ್ತಿಸಲೇಬೇಕಾದರೆ ಒಂದು ಎಚ್ಚರ ಅಗತ್ಯ. ಒಂದು ಮೀಟರಿಗೆ 3.28 ಅಡಿ ಎಂಬುದು ಬಾಯಿಪಾಠವಾಗಿರುವವರು ಅದೇ ಸಂಖ್ಯೆಯನ್ನು ವಿಸ್ತೀರ್ಣಕ್ಕೂ ಬಳಸಿಬಿಡುತ್ತಾರೆ. ವಿಸ್ತೀರ್ಣದಲ್ಲಿ ಉದ್ದವೂ ಅಗಲವೂ ಎರಡೂ ಬದಲಾಗುವುದರಿಂದ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕು, ಹಾಗೆ ಮಾಡಿದಾಗ ಒಂದು ಚದರ ಮೀಟರಿಗೆ ಸುಮಾರು 10.76, ಇನ್ನೂ ನಿಖರವಾಗಿ ಹೇಳುವುದಾದರೆ 10.764 ಚದರ ಅಡಿ ಬರುತ್ತದೆ. ನಮ್ಮ ಕೋಣೆ 12.48 ಚದರ ಮೀಟರ್. ಇದರ ಜೊತೆಗೆ ಕರ್ನಾಟಕದ ಕಟ್ಟಡ ಕೆಲಸದಲ್ಲಿ ಬಳಕೆಯಲ್ಲಿರುವ ‘ಚದರ’ವನ್ನೂ ನೆನಪಿಡಬೇಕು. ಮೇಸ್ತ್ರಿ ‘ಹತ್ತು ಚದರದ ಮನೆ’ ಎಂದರೆ ಹತ್ತು ಚದರ ಅಡಿಯಲ್ಲ, ಒಂದು ಸಾವಿರ ಚದರ ಅಡಿ. ಅವರ ಲೆಕ್ಕದಲ್ಲಿ ಒಂದು ಚದರವೆಂದರೆ ಹತ್ತಡಿಗೆ ಹತ್ತಡಿ, ಅಂದರೆ ನೂರು ಚದರ ಅಡಿ.

ಇನ್ನು ಟೇಪು ಹಿಡಿಯುವ ವಿಚಾರ. ಸ್ಟೀಲ್ ಟೇಪಿನ ತುದಿಯಲ್ಲಿರುವ ಕೊಕ್ಕೆ ಸ್ವಲ್ಪ ಅಲುಗಾಡುತ್ತದೆ. ಅದು ಸಡಿಲವಾಗಿರುವುದು ಕೆಟ್ಟುಹೋಗಿದೆ ಎಂದಲ್ಲ. ಗೋಡೆಗೆ ಒತ್ತಿ ಒಳಗಿನ ಅಳತೆ ತೆಗೆಯುವಾಗ ಕೊಕ್ಕೆಯ ದಪ್ಪ ಅಳತೆಗೆ ಸೇರಬೇಕು, ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆಯುವಾಗ ಸೇರಬಾರದು; ಈ ಎರಡನ್ನೂ ಸರಿದೂಗಿಸಲೆಂದೇ ಅದನ್ನು ತನ್ನ ದಪ್ಪದಷ್ಟು ಮಾತ್ರ ಸರಿಯುವಂತೆ ಮಾಡಿರುತ್ತಾರೆ. ಅದನ್ನು ಬಡಿದು ಬಿಗಿ ಮಾಡುವುದೇ ಹಾನಿ. ಎದುರಿನ ಗೋಡೆಯಲ್ಲಿ ಟೇಪನ್ನು ಮಡಿಸಿ ಮೂಲೆಗೆ ತುರುಕಿ ಅಂದಾಜಿನಲ್ಲಿ ಓದುವುದಕ್ಕಿಂತ, ಡಬ್ಬಿಯನ್ನೇ ಗೋಡೆಗೆ ತಾಗಿಸಿ ಅದರ ಬಾಯಿಯ ಬಳಿ ಕಾಣುವ ಸಂಖ್ಯೆಗೆ ಡಬ್ಬಿಯ ಉದ್ದವನ್ನು ಕೂಡಿಸಿದರೆ ಖಚಿತವಾದ ಒಳಅಳತೆ ಸಿಗುತ್ತದೆ. ಹಲವು ಟೇಪುಗಳಲ್ಲಿ ಈ ಉದ್ದವನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ, ಓದುವವರು ಕಡಿಮೆ. ಟೇಪು ನೆಲದ ಮೇಲೆ, ಎದುರಿನ ಗೋಡೆಗೆ ಲಂಬವಾಗಿ, ಜೋಲು ಬೀಳದಂತೆ ಇರಬೇಕು. ಈ ಎಚ್ಚರಿಕೆ ಅತಿಯಾಯಿತು ಎನ್ನಿಸಿದರೆ ಇಷ್ಟು ನೋಡಿ: ನಮ್ಮ ಕೋಣೆಯ ಉದ್ದದಲ್ಲಿ ಒಂದೇ ಒಂದು ಇಂಚು ತಪ್ಪಿದರೆ ವಿಸ್ತೀರ್ಣದಲ್ಲಿ ಸುಮಾರು 0.9 ಚದರ ಅಡಿ ತಪ್ಪುತ್ತದೆ. ಎರಡೂ ಕಡೆ ಒಂದೊಂದು ಇಂಚು ತಪ್ಪಿದರೆ ಹೆಚ್ಚುಕಡಿಮೆ ಎರಡು ಚದರ ಅಡಿ.

ಆ ಒಂದು ಇಂಚು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಕ್ಷೆಯೇ ಒಳ್ಳೆಯ ಉದಾಹರಣೆ. ನಕ್ಷೆಯಲ್ಲಿ ಬರೆದ 12 ಅಡಿ 6 ಇಂಚು ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ ಹಿಡಿದ ಅಳತೆ. ಗೋಡೆಗೆ ಎರಡೂ ಬದಿಯಲ್ಲಿ ಅರ್ಧರ್ಧ ಇಂಚು ಗಾರೆ ಮೆತ್ತಿದ ಮೇಲೆ ಉಳಿಯುವುದು 12 ಅಡಿ 5 ಇಂಚು. ಅಗಲ 10 ಅಡಿ 8 ಇಂಚಿಗೆ ಇಳಿಯುತ್ತದೆ. ಆಗ ವಿಸ್ತೀರ್ಣ 132.44 ಚದರ ಅಡಿ. ಎಂಜಿನಿಯರ್ ಹೇಳಿದ 134 ಮತ್ತು ಮೇಸ್ತ್ರಿ ಹೇಳಿದ 132 ಎರಡೂ ಸರಿ. ಕಟ್ಟಡ ಕಟ್ಟುವವರಿಗೆ ಮೊದಲನೆಯದು ಬೇಕು, ನೆಲಕ್ಕೆ ಕಲ್ಲು ಹಾಸುವವರಿಗೆ ಎರಡನೆಯದು. ಇಲ್ಲಿಂದ ಮುಂದೆ ನಾವು ತೆಗೆದುಕೊಂಡಿರುವ 12 ಅಡಿ 6 ಇಂಚನ್ನು ಗಾರೆಯಾದ ಮೇಲೆ ಅಳೆದದ್ದು ಎಂದೇ ಭಾವಿಸೋಣ.

ಇಷ್ಟೆಲ್ಲ ಹೇಳಿದ್ದು ಕೋಣೆ ಆಯತಾಕಾರದಲ್ಲಿದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಪರೀಕ್ಷಿಸಲು ಎರಡು ಕರ್ಣಗಳನ್ನು, ಅಂದರೆ ಎದುರುಬದುರು ಮೂಲೆಗಳ ನಡುವಿನ ಅಂತರಗಳನ್ನು ಅಳೆಯಬೇಕು. ಎದುರು ಗೋಡೆಗಳು ಒಂದಕ್ಕೊಂದು ಸಮವಾಗಿದ್ದು ಎರಡು ಕರ್ಣಗಳೂ ಸಮವಾಗಿದ್ದರೆ ಮೂಲೆಗಳು ನೇರ. 12 ಅಡಿಗೆ 10 ಅಡಿಯ ಕೋಣೆಯಲ್ಲಿ ಪ್ರತಿ ಕರ್ಣವೂ 15 ಅಡಿ ಏಳೂವರೆ ಇಂಚಿನಷ್ಟು ಇರಬೇಕು. ಕೋಣೆಯಲ್ಲಿ ಮಂಚ, ಬೀರುಗಳಿದ್ದು ಕರ್ಣ ಹಿಡಿಯಲು ಆಗದಿದ್ದರೆ ಗಾರೆ ಕೆಲಸದವರ ಹಳೆಯ ಉಪಾಯವಿದೆ: ಮೂಲೆಯಿಂದ ಒಂದು ಗೋಡೆಯುದ್ದಕ್ಕೆ 3 ಅಡಿ, ಇನ್ನೊಂದರುದ್ದಕ್ಕೆ 4 ಅಡಿ ಗುರುತಿಸಿ, ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇದೆಯೇ ನೋಡುವುದು.

ಮೂಲೆ ವಾರೆಯಾಗಿದ್ದರೆ ವಿಸ್ತೀರ್ಣ ಎಷ್ಟು ಕೆಡುತ್ತದೆ? ಉತ್ತರ ಅಚ್ಚರಿ ಹುಟ್ಟಿಸುವಂಥದ್ದು. ಅದೇ 12 ಮತ್ತು 10 ಅಡಿಯ ಗೋಡೆಗಳು ವಾಲಿಕೊಂಡು, ಒಂದು ಕರ್ಣ 16 ಅಡಿಯೂ ಇನ್ನೊಂದು ಸುಮಾರು 15 ಅಡಿ 3 ಇಂಚೂ ಆಗಿದೆ ಎಂದುಕೊಳ್ಳೋಣ. ಕರ್ಣಗಳಲ್ಲಿ ಒಂಬತ್ತು ಇಂಚಿನ ವ್ಯತ್ಯಾಸ ಎಂದರೆ ಕಣ್ಣಿಗೇ ಕಾಣುವಷ್ಟು ವಾರೆ. ಆದರೂ ವಿಸ್ತೀರ್ಣ 120ರಿಂದ 119.85ಕ್ಕೆ ಮಾತ್ರ ಇಳಿಯುತ್ತದೆ, ಒಂದು ಚದರ ಅಡಿಯ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾದರೆ ಕರ್ಣ ಅಳೆಯುವ ಕಷ್ಟ ಏಕೆ ಎಂದು ಕೇಳಬಹುದು. ವಿಸ್ತೀರ್ಣ ಕೆಡದಿದ್ದರೂ ನೆಲಹಾಸು ಕೆಡುತ್ತದೆ: ಇಂಥ ಕೋಣೆಯಲ್ಲಿ ಉದ್ದನೆಯ ಗೋಡೆಗೆ ನೇರವಾಗಿ ಹಿಡಿದ ಟೈಲ್ಸ್ ಸಾಲು ಹತ್ತಡಿ ಸಾಗುವಷ್ಟರಲ್ಲಿ ಪಕ್ಕದ ಗೋಡೆಯಿಂದ ಆರು ಇಂಚು ದೂರ ಸರಿದಿರುತ್ತದೆ, ಅಂಚಿನ ತುಂಡುಗಳೆಲ್ಲ ಒಂದೊಂದು ಅಳತೆಗೆ ಕತ್ತರಿಸಬೇಕಾಗುತ್ತದೆ.

ಎದುರು ಗೋಡೆಗಳೇ ಸಮವಾಗಿಲ್ಲದಿದ್ದರೆ ಲೆಕ್ಕದ ದಾರಿಯೇ ಬದಲಾಗುತ್ತದೆ. ಎರಡು ಗೋಡೆಗಳು ಸಮಾನಾಂತರವಾಗಿದ್ದು ಒಂದು 12 ಅಡಿ, ಇನ್ನೊಂದು 11 ಅಡಿ 4 ಇಂಚು ಇದ್ದರೆ ಎರಡರ ಸರಾಸರಿಯನ್ನು ಅವುಗಳ ನಡುವಿನ ಲಂಬ ಅಂತರದಿಂದ ಗುಣಿಸಿದರೆ ಸಾಕು. ಅಂತರ 10 ಅಡಿಯಾದರೆ ವಿಸ್ತೀರ್ಣ 116.67 ಚದರ ಅಡಿ. ಯಾವ ಎರಡು ಗೋಡೆಗಳೂ ಸಮಾನಾಂತರವಾಗಿಲ್ಲದ ಕೋಣೆಗಳು ಮೂಲೆ ಸೈಟುಗಳಲ್ಲಿ, ರಸ್ತೆ ಓರೆಯಾಗಿ ಹಾಯುವ ಕಡೆಗಳಲ್ಲಿ ಸಿಗುತ್ತವೆ. ಅಲ್ಲಿ ರೂಢಿಯಲ್ಲಿರುವ ಉಪಾಯವೆಂದರೆ ಎದುರುಬದುರು ಗೋಡೆಗಳ ಸರಾಸರಿ ತೆಗೆದು, ಎರಡು ಸರಾಸರಿಗಳನ್ನು ಗುಣಿಸುವುದು.

ಈ ಉಪಾಯಕ್ಕೆ ದೀರ್ಘ ಇತಿಹಾಸವಿದೆ, ಅದರಲ್ಲಿ ಒಂದು ಕೊಂಡಿ ನಮ್ಮ ನಾಡಿನದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ವಿಂಗಡಿಸುತ್ತಾನೆ. ಸರಾಸರಿಗಳ ಗುಣಾಕಾರ ಅವನಲ್ಲಿ ವ್ಯಾವಹಾರಿಕ ಫಲ. ನಾಲ್ಕು ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದೇ ಬಾಹುವನ್ನು ಕಳೆದು, ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಬರುವುದು ಸೂಕ್ಷ್ಮ ಫಲ. ಈ ಸೂತ್ರ ಅವನಿಗಿಂತ ಹಿಂದಿನ ಬ್ರಹ್ಮಗುಪ್ತನದು.

ಎರಡನ್ನೂ ಒಂದು ಓರೆ ಕೋಣೆಯ ಮೇಲೆ ಪ್ರಯೋಗಿಸಿ ನೋಡೋಣ. ಸುತ್ತು ಬಂದಂತೆ ಗೋಡೆಗಳು 13, 14, 12 ಮತ್ತು 9 ಅಡಿ. ವ್ಯಾವಹಾರಿಕ ಲೆಕ್ಕದಲ್ಲಿ 13 ಮತ್ತು 12ರ ಸರಾಸರಿ 12.5, 14 ಮತ್ತು 9ರ ಸರಾಸರಿ 11.5, ಗುಣಲಬ್ಧ 143.75 ಚದರ ಅಡಿ. ಸೂಕ್ಷ್ಮ ಲೆಕ್ಕದಲ್ಲಿ ಮೊತ್ತದ ಅರ್ಧ 24, ಅದರಿಂದ ಬಾಹುಗಳನ್ನು ಕಳೆದಾಗ ಬರುವ 11, 10, 12, 15ನ್ನು ಗುಣಿಸಿದರೆ 19,800, ವರ್ಗಮೂಲ 140.7. ಈಗ ಆ ಕೋಣೆಯ ಒಂದು ಕರ್ಣವನ್ನೂ ಅಳೆದೆವು, 13 ಮತ್ತು 14 ಅಡಿಯ ಗೋಡೆಗಳ ಎದುರಿಗೆ ಅದು 15 ಅಡಿ ಬಂತು ಎನ್ನೋಣ. ಕೋಣೆ ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ಮೊದಲನೆಯದರ ಬಾಹುಗಳು 13, 14, 15; ಮೊತ್ತದ ಅರ್ಧ 21; 21 × 8 × 7 × 6 = 7,056; ಅದರ ವರ್ಗಮೂಲ 84. ಎರಡನೆಯದರ ಬಾಹುಗಳು 9, 12, 15. ಅದು ಲಂಬಕೋನ ತ್ರಿಭುಜವಾದ್ದರಿಂದ 9 × 12ರ ಅರ್ಧ, 54. ಒಟ್ಟು 138 ಚದರ ಅಡಿ. ಇದೇ ನಿಜವಾದ ವಿಸ್ತೀರ್ಣ.

ಉಳಿದೆರಡು ಉತ್ತರಗಳು ಏಕೆ ಹೆಚ್ಚು ತೋರಿಸಿದವು? ನಾಲ್ಕು ಬಾಹುಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಚತುರ್ಭುಜ ಒಂದೇ ಆಕಾರದಲ್ಲಿ ನಿಲ್ಲುವುದಿಲ್ಲ. ನಾಲ್ಕು ಪಟ್ಟಿಗಳನ್ನು ತುದಿಗಳಲ್ಲಿ ಮೊಳೆಯಿಂದ ಸೇರಿಸಿದ ಚೌಕಟ್ಟನ್ನು ಒತ್ತಿದರೆ ಅದು ಹೇಗೆ ಬೇಕಾದರೂ ವಾಲುತ್ತದೆ, ವಾಲಿದಂತೆಲ್ಲ ಒಳಗಿನ ಜಾಗ ಬದಲಾಗುತ್ತದೆ. ಬ್ರಹ್ಮಗುಪ್ತನ ಸೂತ್ರ ನಿಖರವಾಗುವುದು ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂರುವಂತಿದ್ದಾಗ ಮಾತ್ರ. ಸರಾಸರಿಗಳ ಗುಣಾಕಾರವಂತೂ ಆಯತವೊಂದನ್ನು ಬಿಟ್ಟು ಉಳಿದ ಯಾವ ಚತುರ್ಭುಜಕ್ಕೂ ನಿಜಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಎಂದೂ ಕಡಿಮೆ ತೋರಿಸುವುದಿಲ್ಲ. ಅಳತೆಯ ಮೇಲೆ ಕೂಲಿ ಪಡೆಯುವವರಿಗೆ ಅದು ಪ್ರಿಯವಾಗಿದ್ದರೆ ಆಶ್ಚರ್ಯವಿಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಈ ವಿಷಯಕ್ಕೆ ಬಂದಾಗ ಸಿಟ್ಟಿಗೇಳುತ್ತಾನೆ: ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ಚತುರ್ಭುಜದ ನಿಶ್ಚಿತ ಫಲವನ್ನು ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂಬ ಅರ್ಥದ ಮಾತು ಅಲ್ಲಿದೆ. ಓರೆ ಕೋಣೆಯಲ್ಲಿ ಐದನೆಯ ಅಳತೆಯಾಗಿ ಒಂದು ಕರ್ಣವನ್ನು ಬರೆದುಕೊಂಡು ಬಂದರೆ ಆ ಬೈಗುಳದಿಂದ ಪಾರಾಗಬಹುದು.

ಎಲ್ ಆಕಾರದ ಹಾಲ್‌ಗಳ ಲೆಕ್ಕ ಇದಕ್ಕಿಂತ ಸುಲಭ. 18 ಅಡಿಗೆ 14 ಅಡಿಯ ಹಾಲಿನ ಒಂದು ಮೂಲೆಯಲ್ಲಿ, ಉದ್ದದ ಕಡೆ 6 ಅಡಿ ಮತ್ತು ಅಗಲದ ಕಡೆ 5 ಅಡಿಯಷ್ಟನ್ನು ಸ್ನಾನದ ಮನೆ ತಿಂದಿದೆ ಎಂದುಕೊಳ್ಳಿ. ಪೂರ್ತಿ ಆಯತದ 252ರಿಂದ 30ನ್ನು ಕಳೆದರೆ 222 ಚದರ ಅಡಿ. ಬೇಕಾದರೆ 18 × 9 ಮತ್ತು 12 × 5 ಎಂದು ಎರಡು ತುಂಡು ಮಾಡಿ ಕೂಡಿಸಿದರೂ 162 ಮತ್ತು 60 ಸೇರಿ ಅದೇ 222. ಎರಡು ದಾರಿಗಳಲ್ಲಿ ಮಾಡಿ ಉತ್ತರ ತಾಳೆಯಾಗುತ್ತದೆಯೇ ನೋಡುವುದು ಒಳ್ಳೆಯ ಪರೀಕ್ಷೆ. ತಾಳೆಯಾಗದಿದ್ದರೆ ಯಾವುದೋ ಒಂದು ಗೋಡೆಯ ಅಳತೆಯನ್ನು ತಪ್ಪು ಬದಿಗೆ ಬರೆದುಕೊಂಡಿದ್ದೇವೆ ಎಂದರ್ಥ. ಅರ್ಧವೃತ್ತಾಕಾರವಾಗಿ ಹೊರಚಾಚಿದ ಭಾಗವಿದ್ದರೆ ಅದರ ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಅರ್ಧ ಮಾಡಬೇಕು.

ಟೈಲ್ಸ್ ಲೆಕ್ಕಕ್ಕೆ ಬಂದಾಗ ವಿಸ್ತೀರ್ಣ ಅರ್ಧ ಉತ್ತರ ಮಾತ್ರ. ಅಂಗಡಿಯಲ್ಲಿ ‘ಎರಡಡಿ ಎರಡಡಿ’ ಎಂದು ಮಾರುವ ಟೈಲ್ ನಿಜವಾಗಿ 600 ಮಿಲಿಮೀಟರ್ ಚೌಕ, ಎರಡು ಅಡಿಗಿಂತ ಸುಮಾರು ಹತ್ತು ಮಿಲಿಮೀಟರ್ ಚಿಕ್ಕದು. ಹಾಗಾಗಿ ಒಂದು ಟೈಲ್ 4 ಚದರ ಅಡಿಯಲ್ಲ, 3.875, ನಾಲ್ಕು ಟೈಲಿನ ಬಾಕ್ಸ್ 16 ಚದರ ಅಡಿಯಲ್ಲ, 15.5. ನಮ್ಮ 134.375 ಚದರ ಅಡಿಯನ್ನು 3.875ರಿಂದ ಭಾಗಿಸಿದರೆ 34.7, ಅಂದರೆ 35 ಟೈಲ್ ಸಾಕೆಂದು ತೋರುತ್ತದೆ. ಆದರೆ ನೆಲದ ಮೇಲೆ ಹಾಸುವಾಗ ಉದ್ದದ 3,810 ಮಿಲಿಮೀಟರಿನಲ್ಲಿ ಆರು ಇಡೀ ಟೈಲ್ ಕೂತು ಸುಮಾರು 210 ಮಿಲಿಮೀಟರ್ ಉಳಿಯುತ್ತದೆ. ಅಗಲದಲ್ಲಿ ಐದು ಕೂತು ಸುಮಾರು 277 ಉಳಿಯುತ್ತದೆ. ಇಡೀ ಟೈಲುಗಳು ಮೂವತ್ತು. ಒಂದು ಅಂಚಿಗೆ ಬೇಕಾದ ಐದು ತುಂಡುಗಳಿಗೆ ಮೂರು ಟೈಲ್, ಇನ್ನೊಂದು ಅಂಚಿನ ಆರು ತುಂಡುಗಳಿಗೆ ಮೂರು ಟೈಲ್. ಒಂದೊಂದು ಟೈಲಿನಿಂದ ಎರಡೆರಡು ತುಂಡು ಬರುತ್ತವೆ, ಮೂಲೆಯ ಚಿಕ್ಕ ತುಂಡು ಮಿಕ್ಕಿದ್ದರಲ್ಲೇ ಸಿಗುತ್ತದೆ. ಒಟ್ಟು 36, ಅಂದರೆ ಸರಿಯಾಗಿ ಒಂಬತ್ತು ಬಾಕ್ಸ್, ಅದೂ ಒಂದೂ ಒಡೆಯದೆ, ಮೇಸ್ತ್ರಿ ತುಂಡುಗಳನ್ನು ಜೋಪಾನವಾಗಿ ಬಳಸಿದರೆ. ಉಳಿಕೆ 310 ಮಿಲಿಮೀಟರ್ ಆಗಿದ್ದಿದ್ದರೆ ಒಂದು ಟೈಲಿನಿಂದ ಎರಡು ತುಂಡು ಬರುತ್ತಿರಲಿಲ್ಲ, ಲೆಕ್ಕ ಒಮ್ಮೆಗೇ ಏರುತ್ತಿತ್ತು. ನೂರಕ್ಕೆ ಐದರಿಂದ ಹತ್ತು ಹೆಚ್ಚು ತರಿಸುವ ರೂಢಿಗೆ ಕಾರಣ ಇದೇ. ಇಲ್ಲಿ ಹತ್ತು ಬಾಕ್ಸ್ ಹೇಳುವುದು ಕ್ಷೇಮ. ಆಮೇಲೆ ಒಂದೆರಡು ತಂದರಾಯಿತು ಎಂದುಕೊಂಡರೆ ಬೇರೆ ಬ್ಯಾಚಿನ ಟೈಲಿನ ಬಣ್ಣ ಹೊಂದದೆ ಹೋಗಬಹುದು.

ಗೋಡೆಯ ಬುಡದ ಸ್ಕರ್ಟಿಂಗನ್ನು ಪ್ರತ್ಯೇಕವಾಗಿ ಸೇರಿಸಬೇಕು. ಸುತ್ತಳತೆ 46.5 ಅಡಿ, ಅದರಲ್ಲಿ 3 ಅಡಿಯ ಬಾಗಿಲು ಕಳೆದರೆ 43.5 ಅಡಿ, 4 ಇಂಚು ಎತ್ತರಕ್ಕೆ ಮೂರನೆಯ ಒಂದರಿಂದ ಗುಣಿಸಿದರೆ 14.5 ಚದರ ಅಡಿ, ಹೆಚ್ಚುಕಡಿಮೆ ಇನ್ನೊಂದು ಬಾಕ್ಸ್. ಬಾಗಿಲ ಚೌಕಟ್ಟಿನ ಅಡಿಯ ಜಾಗ, ಗೋಡೆಯೊಳಗಿನ ಕಪಾಟಿನ ನೆಲ ಇವುಗಳಿಗೆ ಟೈಲ್ಸ್ ಬರುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಕೋಣೆಯೊಳಗೆ ಚಾಚಿಕೊಂಡ ಕಂಬದ ಜಾಗವನ್ನು ವಿಸ್ತೀರ್ಣದಿಂದ ಕಳೆಯುವುದು ಸರಿ; ಆದರೆ ಟೈಲ್ಸ್ ತರಿಸುವಾಗ ಕಳೆಯದಿರುವುದೇ ಲೇಸು, ಏಕೆಂದರೆ ಕಂಬದ ಸುತ್ತ ಕತ್ತರಿಸಿದ ಟೈಲು ಬಹುಮಟ್ಟಿಗೆ ವ್ಯರ್ಥವೇ.

ಫ್ಲ್ಯಾಟ್ ಕೊಂಡವರು ಎಲ್ಲ ಕೋಣೆಗಳನ್ನೂ ಹೀಗೆ ಅಳೆದು ಕೂಡಿಸಿ, ಒಪ್ಪಂದದಲ್ಲಿರುವ ಕಾರ್ಪೆಟ್ ಏರಿಯಾಗಿಂತ ಕಡಿಮೆ ಬಂತೆಂದು ಗಾಬರಿಯಾಗುವುದುಂಟು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ, ಕಾರ್ಪೆಟ್ ಏರಿಯಾವನ್ನು ಹೀಗೆ ವಿವರಿಸುತ್ತದೆ: ಅದು ಮನೆಯೊಳಗಿನ ಬಳಸಬಹುದಾದ ನೆಲ; ಹೊರಗೋಡೆಗಳು, ಪೈಪು ಇತ್ಯಾದಿ ಹಾಯುವ ಶಾಫ್ಟುಗಳು, ಆ ಮನೆಗೆಂದೇ ಇರುವ ಬಾಲ್ಕನಿ ಅಥವಾ ವರಾಂಡ ಮತ್ತು ತೆರೆದ ಟೆರೇಸ್ ಅದರಲ್ಲಿ ಸೇರುವುದಿಲ್ಲ, ಆದರೆ ಒಳಗಿನ ಅಡ್ಡಗೋಡೆಗಳು ನಿಂತಿರುವ ಜಾಗ ಸೇರುತ್ತದೆ. ಟೇಪು ಹಿಡಿದು ಅಳೆದಾಗ ಈ ಅಡ್ಡಗೋಡೆಗಳು ತಪ್ಪಿಹೋಗುತ್ತವೆ. ಗಾರೆ ಸೇರಿ ಅರ್ಧ ಅಡಿ ದಪ್ಪದ ಅಡ್ಡಗೋಡೆಗಳು ಮನೆಯೊಳಗೆ ಒಟ್ಟು 40 ಅಡಿ ಓಡಿದ್ದರೆ 20 ಚದರ ಅಡಿ ಅಲ್ಲಿಯೇ ಇರುತ್ತದೆ. ಆದ್ದರಿಂದ ಹೋಲಿಸುವ ಮೊದಲು ಪ್ರತಿ ಅಡ್ಡಗೋಡೆಯ ಉದ್ದವನ್ನು ಅದರ ದಪ್ಪದಿಂದ ಗುಣಿಸಿ ಕೋಣೆಗಳ ಮೊತ್ತಕ್ಕೆ ಸೇರಿಸಬೇಕು. ದಪ್ಪ ತಿಳಿಯಲು ಬಾಗಿಲು ತೆರೆದಿರುವ ಕಡೆ ಗೋಡೆಯ ಅಂಚನ್ನು ಅಳೆದರಾಯಿತು. ಒಪ್ಪಂದದಲ್ಲಿ ಬರೆದದ್ದು ಬಿಲ್ಟ್-ಅಪ್ ಅಥವಾ ಸೂಪರ್ ಬಿಲ್ಟ್-ಅಪ್ ಏರಿಯಾ ಆಗಿದ್ದರೆ ಹೊರಗೋಡೆ, ಬಾಲ್ಕನಿಗಳು, ಕೊನೆಯದರಲ್ಲಂತೂ ಮೆಟ್ಟಿಲು ಮತ್ತು ಲಿಫ್ಟಿನ ಪಾಲೂ ಸೇರಿರುವುದರಿಂದ ಕೋಣೆಯ ಅಳತೆಗಳಿಂದ ಅದನ್ನು ತಾಳೆ ನೋಡಲು ಬರುವುದಿಲ್ಲ. ಕಾರ್ಪೆಟ್ ಏರಿಯಾವೇ ಆಗಿದ್ದು, ಅಡ್ಡಗೋಡೆಗಳನ್ನು ಸೇರಿಸಿದ ಮೇಲೂ ಕೊರತೆ ಉಳಿದರೆ, ಬಾಲ್ಕನಿಯನ್ನೋ ಶಾಫ್ಟನ್ನೋ ಅದರೊಳಗೆ ಎಣಿಸಿದ್ದಾರೆಯೇ ಎಂದು ಮಂಜೂರಾದ ನಕ್ಷೆಯನ್ನು ಮುಂದಿಟ್ಟುಕೊಂಡು ಕೇಳಬೇಕು.